ಕೆಂಪಾಗಲೆಂದು ಕಾಯಬೇಡಿ: ವೀಲ್‌ಚೇರ್‌ನಲ್ಲಿ ಕೂರುವವರು ಬೆಡ್‌ಸೋರ್ ಅನ್ನು ಮೊದಲೇ ಹಿಡಿಯುವ ದಾರಿ

ಸಕಲೇಶಪುರ, ಮೂಡಿಗೆರೆ, ಆಲೂರು ಕಡೆಯ ತೋಟದೂರುಗಳಲ್ಲಿ ವೀಲ್‌ಚೇರ್ ಬಳಸುವವರನ್ನು ಮಾತಾಡಿಸಿ ನೋಡಿ. ಮೆಣಸು ಕೊಯ್ಯಲು ಸಿಲ್ವರ್ ಓಕ್ ಮರಕ್ಕೆ ಏಣಿ ಹಾಕಿದಾಗ ಬಿದ್ದವರು, ನೆರಳು ಮರದ ಕೊಂಬೆ ಕಡಿಯುವ ಮರಗಸಿ ಮಾಡುವಾಗ ಜಾರಿದವರು, ಬೈಕ್ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡವರು ಸಿಗುತ್ತಾರೆ. ಆಪರೇಷನ್ ಮುಗಿಸಿ ಮನೆಗೆ ಬಂದವರನ್ನು ಮತ್ತೆ ಆಸ್ಪತ್ರೆಗೆ ಎಳೆದೊಯ್ಯುವ ಕಾರಣಗಳಲ್ಲಿ ಎರಡು ಮುಂಚೂಣಿಯಲ್ಲಿವೆ: ಮೂತ್ರದ ಸೋಂಕು ಮತ್ತು ಬೆಡ್‌ಸೋರ್, ಅಂದರೆ ಒಂದೇ ಕಡೆ ಒತ್ತಡ ಬಿದ್ದು ಆಗುವ ಹುಣ್ಣು. ಮೊದಲನೆಯದು ಜ್ವರ ಬರಿಸಿ ತಾನೇ ಗೊತ್ತುಮಾಡುತ್ತದೆ. ಎರಡನೆಯದು ನೋವಿಲ್ಲದ ಜಾಗದಲ್ಲಿ, ನಮ್ಮ ಕಣ್ಣಿಗೆ ಬೀಳದ ಕಡೆ, ಸದ್ದಿಲ್ಲದೆ ಶುರುವಾಗುತ್ತದೆ.

ನಾನೂ ವೀಲ್‌ಚೇರ್‌ನಲ್ಲೇ ಇರುವವನು. ಈ ಲೇಖನದಲ್ಲಿ ನಾನು ಒತ್ತಿ ಹೇಳುವುದು ಒಂದೇ ವಿಷಯ. ಚರ್ಮ ಒಡೆಯುವ ಮೊದಲೇ ಈ ಹುಣ್ಣನ್ನು ಹಿಡಿಯಬಹುದು, ಹಿಡಿದರೆ ಬಹಳ ಸಲ ಔಷಧಿಯಿಲ್ಲದೆ ಹಿಂದಕ್ಕೆ ಕಳಿಸಬಹುದು. ಆದರೆ ನಮ್ಮಂಥ ಕಂದು, ಕಪ್ಪು ಚರ್ಮದವರು 'ಕೆಂಪಾದರೆ ನೋಡೋಣ' ಎಂದು ಕಾದರೆ ಆ ಗಳಿಗೆ ತಪ್ಪಿಹೋಗುತ್ತದೆ. ಕಣ್ಣಿಗಿಂತ ಮುಂಚೆ ಕೈ ಕೆಲಸ ಮಾಡಬೇಕು.

ಆಗುವುದೇನು?

ಕೂತಾಗ ದೇಹದ ಭಾರವೆಲ್ಲ ಪೃಷ್ಠದ ಕೆಳಗಿನ ಎರಡು ಮೂಳೆಗಳ ಮೇಲೆ ಇಳಿಯುತ್ತದೆ. ಆ ಮೂಳೆಗೂ ಸೀಟಿಗೂ ನಡುವೆ ಸಿಕ್ಕಿದ ಮಾಂಸದಲ್ಲಿ ಸಣ್ಣ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ. ಸ್ಪರ್ಶ ಇರುವವರಿಗೆ ಅಲ್ಲಿ ಜುಮ್ಮೆಂದು, ಉರಿದು, ಅರಿವಿಲ್ಲದೆಯೇ ಮಗ್ಗುಲು ಬದಲಿಸುತ್ತಾರೆ. ನಮಗೆ ಆ ಸಂದೇಶ ಬರುವುದಿಲ್ಲ. ರಕ್ತ ಸಿಗದ ಜೀವಕೋಶಗಳು ಸಾಯತೊಡಗುತ್ತವೆ. ಕೆಲವರಿಗೆ ಒಂದೆರಡು ಗಂಟೆ ಒಂದೇ ಭಂಗಿಯಲ್ಲಿ ಕೂತರೂ ಸಾಕು. ಎಷ್ಟೋ ಸಲ ಹಾನಿ ಮೊದಲು ಆಗುವುದು ಒಳಗೆ, ಮೂಳೆಗೆ ಅಂಟಿದ ಮಾಂಸದಲ್ಲಿ. ಹೊರಗಿನ ಚರ್ಮದ ಮೇಲೆ ಚಿಕ್ಕ ಕಪ್ಪು ಮಚ್ಚೆಯಷ್ಟೇ ಕಂಡರೂ ಒಳಗೆ ಅದಕ್ಕಿಂತ ದೊಡ್ಡ ಜಾಗ ಕೆಟ್ಟಿರಬಹುದು.

ಒತ್ತಡದ ಜೊತೆಗೆ ಎಳೆತವೂ ಸೇರುತ್ತದೆ. ಕುರ್ಚಿಯಲ್ಲಿ ಮುಂದಕ್ಕೆ ಜಾರಿದಾಗ ಚರ್ಮ ಸೀಟಿಗೆ ಅಂಟಿ ನಿಲ್ಲುತ್ತದೆ, ಮೂಳೆ ಮಾತ್ರ ಸರಿಯುತ್ತದೆ. ನಡುವಿನ ನಾಳಗಳು ಜಗ್ಗಿ ಕಿತ್ತುಹೋಗುತ್ತವೆ. ಬೆವರು, ಮೂತ್ರದ ತೇವದಿಂದ ಮೆತ್ತಗಾದ ಚರ್ಮ ಇದಕ್ಕೆ ಇನ್ನೂ ಬೇಗ ಸೋಲುತ್ತದೆ.

ದಿನಕ್ಕೆರಡು ಸಲ ನೋಡುವುದು, ಮುಟ್ಟುವುದು

ಬೆಳಿಗ್ಗೆ ಕುರ್ಚಿಗೆ ಬರುವ ಮೊದಲು ಒಂದು ಸಲ, ರಾತ್ರಿ ಮಲಗಿದ ಮೇಲೆ ಒಂದು ಸಲ. ಎರಡೂ ಬೇಕು, ಯಾಕೆಂದರೆ ಎರಡೂ ಬೇರೆ ಬೇರೆ ಸುದ್ದಿ ಹೇಳುತ್ತವೆ. ರಾತ್ರಿ ಕಂಡ ಗುರುತು ಸಾಮಾನ್ಯವಾಗಿ ಕುರ್ಚಿಯದು, ಬೆಳಿಗ್ಗೆ ಹೊಸದಾಗಿ ಕಂಡದ್ದು ಹಾಸಿಗೆಯದು. ಎಲ್ಲಿ ಸರಿಮಾಡಬೇಕು ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ಮೊದಲು ಬೆಳಕು. ಮಳೆಗಾಲದ ಮಲೆನಾಡಿನ ಕೋಣೆಯಲ್ಲಿ ಮಧ್ಯಾಹ್ನವೂ ಕತ್ತಲು. ಕಿಟಕಿ ಪಕ್ಕಕ್ಕೆ ಮಂಚ ಹಾಕಿಸಿಕೊಳ್ಳಿ, ಇಲ್ಲವೇ ಟಾರ್ಚನ್ನು ನೇರವಾಗಿ ಬಿಡದೆ ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಓರೆ ಬೆಳಕಿನಲ್ಲಿ ಊತ, ಹೊಳಪು, ಉಬ್ಬು ಚೆನ್ನಾಗಿ ಕಾಣುತ್ತವೆ. ಮೊಬೈಲ್ ಫ್ಲ್ಯಾಶ್ ನೇರ ಬಿದ್ದರೆ ಬಣ್ಣವೆಲ್ಲ ಬಿಳಚಿಕೊಳ್ಳುತ್ತದೆ.

ಕೈ ಆಡುವವರು ಉದ್ದ ಹಿಡಿಯ ಕನ್ನಡಿ ಇಟ್ಟುಕೊಳ್ಳಿ. ಸಣ್ಣ ಕನ್ನಡಿಯನ್ನು ಒಂದು ಕೋಲಿಗೆ ಗಟ್ಟಿಯಾಗಿ ಕಟ್ಟಿದರೂ ನಡೆಯುತ್ತದೆ. ಒಂದು ಮಗ್ಗುಲಿಗೆ ಮಲಗಿ, ಮೇಲಿನ ಕಾಲನ್ನು ಮಡಿಸಿ, ಕನ್ನಡಿಯಲ್ಲಿ ನೋಡಿ. ಮೊಬೈಲಿನಲ್ಲಿ ಫೋಟೊ ತೆಗೆದರೆ ನಿನ್ನೆಯದರ ಜೊತೆ ಹೋಲಿಸಬಹುದು, ಡಾಕ್ಟರಿಗೂ ತೋರಿಸಬಹುದು. ಅದು ನಿಮ್ಮ ಫೋನಿನಲ್ಲೇ ಇರಲಿ. ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿ ಕೇಳುವ ಸಂಗತಿಯಲ್ಲ ಇದು. ನಿಮ್ಮ ದೇಹದ ಮರ್ಯಾದೆ ನಿಮ್ಮ ಕೈಯಲ್ಲೇ ಇರಬೇಕು.

ಈಗ ಜಾಗಗಳು. ಪೃಷ್ಠದ ಕೂರುವ ಮೂಳೆ ಎರಡೂ ಬದಿ, ಬಾಲದ ಮೂಳೆ ಮತ್ತು ಅದರ ಮೇಲಿನ ಚಪ್ಪಟೆ ಭಾಗ, ಸೊಂಟದ ಎರಡೂ ಪಕ್ಕ, ಮಂಡಿಯ ಒಳಬದಿ ಮತ್ತು ಹಿಂಬದಿ, ಹರಡಿನ ಮೂಳೆ, ಹಿಮ್ಮಡಿ, ಕಾಲ್ಬೆರಳುಗಳ ತುದಿ, ಮೊಣಕೈ, ಭುಜದ ಹಲಗೆ. ಬೆನ್ನು ಗೂನಾಗಿರುವವರಿಗೆ ಬೆನ್ನುಮೂಳೆಯ ಸಾಲೂ ಸೇರುತ್ತದೆ. ಗಂಡಸರು ವೃಷಣದ ಕೆಳಗೂ ನೋಡಬೇಕು, ಕ್ಯಾಥೆಟರ್ (ಮೂತ್ರದ ಕೊಳವೆ) ಇರುವವರು ಟ್ಯೂಬ್ ತಾಗುವ ತೊಡೆಯನ್ನೂ. ನನ್ನ ಅನುಭವದಲ್ಲಿ ಜನ ಹೆಚ್ಚು ಮರೆಯುವುದು ಹಿಮ್ಮಡಿಯನ್ನು. ಸಾಕ್ಸ್ ಬಿಚ್ಚದೆ ಪರೀಕ್ಷೆ ಮುಗಿಸುತ್ತಾರೆ.

ಪ್ರತಿ ಜಾಗದಲ್ಲೂ ಮೂರು ಕೆಲಸ ಮಾಡಿ.

ಒಂದು, ಬಣ್ಣ ನೋಡಿ. ತಿಳಿ ಚರ್ಮದಲ್ಲಿ ಕೆಂಪು ಕಾಣುತ್ತದೆ. ಕಂದು ಚರ್ಮದಲ್ಲಿ ಸುತ್ತಲಿಗಿಂತ ಗಾಢವಾದ ಕಪ್ಪು, ನೇರಳೆ, ನೀಲಿ ಛಾಯೆ ಅಥವಾ ಬೂದು ಬಣ್ಣ ಕಾಣಬಹುದು. ಚರ್ಮ ಬಿಗಿದು ಹೊಳೆಯಬಹುದು. ಎಡದ ಜಾಗವನ್ನು ಬಲದ ಜಾಗದ ಜೊತೆ ಹೋಲಿಸಿ. ನಿಮ್ಮ ಚರ್ಮಕ್ಕೆ ನಿಮ್ಮದೇ ಚರ್ಮ ಅಳತೆಗೋಲು.

ಎರಡು, ಬೆರಳುಗಳ ಹಿಂಬದಿಯಿಂದ ಮುಟ್ಟಿ. ಮಕ್ಕಳಿಗೆ ಜ್ವರ ಬಂದಿದೆಯಾ ಎಂದು ನೋಡುವುದು ಕೈಯ ಹಿಂಬದಿಯಿಂದಲೇ ಅಲ್ಲವೇ, ಅದೇ ಥರ. ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿದ್ದರೆ ಅಲ್ಲಿ ಉರಿಯೂತ ಶುರುವಾಗಿದೆ ಎಂದು ತಿಳಿಯಿರಿ. ತಣ್ಣಗಿದ್ದರೂ ಸಮಾಧಾನ ಬೇಡ: ರಕ್ತ ಹರಿಯದ ಜಾಗ ತಣ್ಣಗೂ ಇರುತ್ತದೆ. ಸುತ್ತಮುತ್ತಲಿಗಿಂತ ಬೇರೆ ಎನಿಸುವುದೇ ಮುಖ್ಯ.

ಮೂರು, ಮೆಲ್ಲಗೆ ಒತ್ತಿ. ಬೆರಳಿನಿಂದ ಮೂರು ಸೆಕೆಂಡ್ ಒತ್ತಿ ಬಿಡಿ. ಒತ್ತಿದ ಜಾಗ ಬಿಳಚಿ ಮತ್ತೆ ಬಣ್ಣ ಬಂದರೆ ರಕ್ತ ಓಡಾಡುತ್ತಿದೆ, ಎಚ್ಚರಿಕೆ ಮಾತ್ರ. ಬಿಳಚದೆ ಹಾಗೇ ಇದ್ದರೆ ಅದು ಮೊದಲ ಹಂತದ ಬೆಡ್‌ಸೋರ್. ಕಪ್ಪು ಚರ್ಮದಲ್ಲಿ ಈ ಬಿಳಚುವಿಕೆ ಕಾಣುವುದೇ ಕಷ್ಟ; ಆಗ ಗಟ್ಟಿತನವನ್ನು ನೋಡಿ. ಗಂಟುಗಟ್ಟಿದಂತೆ ಗಟ್ಟಿಯಾಗಿದ್ದರೂ ಕೆಟ್ಟದ್ದೇ, ಒಳಗೆ ನೀರು ತುಂಬಿದಂತೆ ಪಿಚಪಿಚ ಎಂದರೂ ಕೆಟ್ಟದ್ದೇ.

ಸ್ವಲ್ಪ ಸ್ಪರ್ಶ ಉಳಿದವರಿಗೆ ಅಲ್ಲಿ ಉರಿ, ತುರಿಕೆ, ನೋವು ಬರಬಹುದು. ಏನೂ ಗೊತ್ತಾಗದವರಿಗೆ ಕಾಲಿನ ಸೆಳೆತ ಒಮ್ಮೆಲೇ ಹೆಚ್ಚಾಗುವುದು, ಕಾರಣವಿಲ್ಲದೆ ಬೆವರುವುದು ಸುಳಿವಾಗಿರಬಹುದು. ಸೆಳೆತ ಜಾಸ್ತಿಯಾದ ದಿನ ಮಾತ್ರೆ ಹೆಚ್ಚಿಸುವ ಮೊದಲು ಚರ್ಮ ನೋಡಿ.

ನೋಡುವವರು ಬೇರೆಯವರಾದರೆ ಅವರಿಗೆ ಇದನ್ನೆಲ್ಲ ಬಾಯಿಬಿಟ್ಟು ಹೇಳಿಕೊಡಬೇಕು. "ಏನೂ ಆಗಿಲ್ಲ ಕಣಪ್ಪ, ಸ್ವಲ್ಪ ಕಪ್ಪಗಾಗಿದೆ ಅಷ್ಟೆ" ಎಂದು ಅಮ್ಮ ಪ್ರೀತಿಯಿಂದಲೇ ಹೇಳುತ್ತಾರೆ. ಆ 'ಸ್ವಲ್ಪ ಕಪ್ಪು' ಎನ್ನುವುದನ್ನೇ ಅಲ್ಲಿ ಹುಡುಕುತ್ತಿರುವುದು. 'ಹುಣ್ಣಾಗಿದೆಯಾ' ಎಂದು ಕೇಳಬೇಡಿ. 'ಆ ಕಡೆಗಿಂತ ಈ ಕಡೆ ಬಿಸಿ ಇದೆಯಾ, ಗಟ್ಟಿ ಇದೆಯಾ, ಕಪ್ಪಿದೆಯಾ' ಎಂದು ಒಂದೊಂದಾಗಿ ಕೇಳಿ.

ಸಿಕ್ಕಿತು, ಈಗೇನು?

ಆ ಗುರುತಿನ ಅಂಚಿಗೆ ಬಾಲ್‌ಪೆನ್ನಿನಿಂದ ಹಗುರವಾಗಿ ಗೆರೆ ಎಳೆಯಿರಿ. ಆ ಜಾಗದ ಮೇಲೆ ಭಾರ ಬೀಳದಂತೆ ಮಲಗಿ. ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ಬಣ್ಣ, ಬಿಸಿ ಎರಡೂ ಮಾಯವಾಗಿದ್ದರೆ ಚರ್ಮ ತಡೆದುಕೊಂಡಿದೆ. ಆದರೂ ಇವತ್ತು ಕೂತದ್ದು ಹೆಚ್ಚಾಯಿತು ಎಂದೇ ಅರ್ಥ. ನಾಳೆ ಕೂರುವ ಅವಧಿ ಕಡಿಮೆಮಾಡಿ.

ಅರ್ಧ ಗಂಟೆಯ ಮೇಲೂ ಉಳಿದಿದ್ದರೆ ಮೊದಲ ಹಂತ ಎಂದುಕೊಂಡು ನಡೆಯಿರಿ. ಚಿಕಿತ್ಸೆ ಒಂದೇ, ಕಷ್ಟದ್ದೂ ಅದೇ: ಆ ಜಾಗದ ಮೇಲೆ ಭಾರ ಬಿಡುವುದನ್ನು ಪೂರ್ತಿ ನಿಲ್ಲಿಸುವುದು. ಕೂರುವ ಮೂಳೆಯ ಮೇಲಾದರೆ ಕೂರುವುದೇ ಬೇಡ. ಮದುವೆ ಇರಲಿ, ಊರಹಬ್ಬ ಇರಲಿ, ಅಂಗಡಿ ಬಾಗಿಲು ತೆರೆಯುವವರಿಲ್ಲದಿರಲಿ. ಈಗ ಎರಡು ದಿನ ಮಲಗಿದರೆ ಮುಗಿಯುವುದು, ಚರ್ಮ ಒಡೆದ ಮೇಲೆ ತಿಂಗಳುಗಟ್ಟಲೆ ಬೋರಲು ಮಲಗಿದರೂ ಮುಗಿಯದೇ ಇರಬಹುದು. ಇಷ್ಟು ದೊಡ್ಡ ವ್ಯತ್ಯಾಸ ಇಷ್ಟು ಸಣ್ಣ ನಿರ್ಧಾರದ ಮೇಲೆ ನಿಂತಿರುವುದರಿಂದಲೇ ನಾನು ಇಲ್ಲಿ ರಾಜಿಗೆ ಸಿದ್ಧನಿಲ್ಲ.

ಮಲಗಿರುವಾಗಲೇ ಕಾರಣ ಹುಡುಕಿ. ಕುಶನ್ ಗಾಳಿ ಇಳಿದಿದೆಯೇ, ಹೊಸ ಪ್ಯಾಂಟ್ ಹಾಕಿದ್ದಿರಾ, ನಿನ್ನೆ ಬಸ್ಸಿನಲ್ಲಿ ದೂರ ಹೋಗಿದ್ದಿರಾ, ಕಮೋಡ್ ಮೇಲೆ ಹೆಚ್ಚು ಹೊತ್ತು ಕೂತಿರಾ? ಕಾರಣ ಸಿಗದೆ ಮತ್ತೆ ಅದೇ ಕುರ್ಚಿಗೆ ಹೋದರೆ ಅದೇ ಗುರುತು ಮತ್ತೆ ಬರುತ್ತದೆ.

ಒಂದು ದಿನ ಪೂರ್ತಿ ಭಾರ ತೆಗೆದರೂ ಬಣ್ಣ ಹೋಗದಿದ್ದರೆ ಡಾಕ್ಟರಿಗೆ ತೋರಿಸಿ. ನೀರುಗುಳ್ಳೆ ಎದ್ದಿದ್ದರೆ, ಮೇಲ್ಪದರ ಸುಲಿದಿದ್ದರೆ, ನೇರಳೆ ಅಥವಾ ಕಡುಗಪ್ಪು ಕಲೆ ಕಂಡರೆ ಆ ಒಂದು ದಿನವೂ ಕಾಯಬೇಡಿ.

ಗುರುತು ಪೂರ್ತಿ ಹೋದಮೇಲೆ ಒಂದೇ ಸಲ ಇಡೀ ದಿನ ಕೂರಬೇಡಿ. ಮೊದಲು ಕಾಲು ಗಂಟೆ, ಮಲಗಿ ಚರ್ಮ ನೋಡಿ. ಸರಿಯಿದ್ದರೆ ಅರ್ಧ ಗಂಟೆ, ಮತ್ತೆ ನೋಡಿ. ಹೀಗೇ ಏರಿಸಿಕೊಂಡು ಹೋಗಿ.

ಮಾಡಲೇಬಾರದ್ದು ಕೆಲವಿವೆ. ಗುರುತಿನ ಮೇಲೆ ಉಜ್ಜಬೇಡಿ, ಮಾಲೀಶು ಮಾಡಬೇಡಿ; ಒಳಗೆ ಸೋತಿರುವ ನಾಳಗಳು ಒಡೆಯುತ್ತವೆ. ಬಲ್ಬಿನ ಶಾಖ, ಬಿಸಿನೀರಿನ ಚೀಲ ಬೇಡ. ಗುಳ್ಳೆ ಒಡೆಯಬೇಡಿ. ಒಡೆದ ಚರ್ಮಕ್ಕೆ ಅರಿಶಿನ, ಸೊಪ್ಪಿನ ರಸ, ಕೊಬ್ಬರಿ ಎಣ್ಣೆ, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್, ಡೆಟಾಲ್ ಯಾವುದನ್ನೂ ಹಾಕಬೇಡಿ. ಒಡೆಯದ ಒಣ ಚರ್ಮಕ್ಕೆ ತೆಳ್ಳಗೆ ಕೊಬ್ಬರಿ ಎಣ್ಣೆ ಸವರುವುದು ಬೇರೆ ಮಾತು, ಅದಕ್ಕೆ ಅಡ್ಡಿಯಿಲ್ಲ. ನಡುವೆ ತೂತಿರುವ ಗಾಳಿ ರಿಂಗನ್ನು ಮೆಡಿಕಲ್ ಶಾಪಿನವರು ಇಂದಿಗೂ ಕೊಡುತ್ತಾರೆ, ಕೆಲವರು ಸ್ಕೂಟರ್ ಟ್ಯೂಬನ್ನೇ ಹಾಗೆ ಬಳಸುತ್ತಾರೆ. ದಯವಿಟ್ಟು ಬೇಡ. ರಿಂಗಿನ ಅಂಚು ಸುತ್ತಲೂ ಒತ್ತಿ ನಡುವಿನ ಜಾಗಕ್ಕೆ ರಕ್ತ ಬರುವುದನ್ನೇ ತಡೆಯುತ್ತದೆ. ಹಿಮ್ಮಡಿಗೆ ನೀರು ತುಂಬಿದ ಗ್ಲೌಸ್ ಇಡುವುದೂ ಅಷ್ಟೆ, ಉಪಯೋಗವಿಲ್ಲ.

ಭಾರ ಬದಲಿಸುವುದು

ಪ್ರತಿ 15ರಿಂದ 30 ನಿಮಿಷಕ್ಕೊಮ್ಮೆ ಪೃಷ್ಠದ ಮೇಲಿನ ಭಾರ ತೆಗೆಯಬೇಕು. ಇಷ್ಟು ಎಲ್ಲರಿಗೂ ಗೊತ್ತು. ಎಷ್ಟು ಹೊತ್ತು ಎನ್ನುವುದರಲ್ಲಿ ತಪ್ಪುತ್ತದೆ. ಎರಡೂ ಕೈ ಊರಿ ಮೇಲೆದ್ದು, ಹತ್ತು ಎಣಿಸಿ ಕೂತರೆ ಆಯಿತು ಎಂದುಕೊಳ್ಳುತ್ತಾರೆ. ಒತ್ತಿಹೋದ ಮಾಂಸಕ್ಕೆ ಆಮ್ಲಜನಕ ಪೂರ್ತಿ ಮರಳಲು ಸುಮಾರು ಎರಡು ನಿಮಿಷ ಬೇಕು. ಎರಡು ನಿಮಿಷ ಕೈಯೂರಿ ನಿಲ್ಲುವುದು ಯಾರಿಗೂ ಆಗುವುದಿಲ್ಲ. ದಿನವಿಡೀ ಹಾಗೆ ಮಾಡಿದರೆ ಭುಜದ ಕೀಲು ಸವೆಯುತ್ತದೆ, ಭುಜ ಹೋದರೆ ನಮ್ಮ ಓಡಾಟವೇ ಹೋಯಿತು. ಆದ್ದರಿಂದ ಬಾಗುವುದೇ ಒಳ್ಳೆಯದು.

ಮುಂದಕ್ಕೆ ಬಾಗುವುದು: ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ, ಮುಂದಿನ ಸಣ್ಣ ಚಕ್ರಗಳು ಮುಂದಕ್ಕೆ ತಿರುಗಲಿ, ಆಗ ಕುರ್ಚಿ ಮುಗ್ಗರಿಸುವುದಿಲ್ಲ. ಬ್ರೇಕ್ ಹಾಕಿ. ಎದೆಯನ್ನು ತೊಡೆಗೆ ತಾಗಿಸುವಷ್ಟು ಬಾಗಿ, ಎರಡು ನಿಮಿಷ ಹಾಗೇ ಇರಿ. ಸಮತೋಲ ಕಡಿಮೆ ಇರುವವರು ಎದುರಿಗೆ ಮೇಜು ಅಥವಾ ಮಂಚ ಇಟ್ಟುಕೊಂಡು ಅದರ ಮೇಲೆ ತೋಳು ಮಡಿಸಿ ಒರಗಲಿ. ಹೊಸದಾಗಿ ಬೆನ್ನಿನ ಆಪರೇಷನ್ ಆದವರು ಡಾಕ್ಟರನ್ನು ಕೇಳದೆ ಇದನ್ನು ಮಾಡಬಾರದು.

ಪಕ್ಕಕ್ಕೆ ವಾಲುವುದು: ಒಂದು ತೋಳನ್ನು ಕುರ್ಚಿಯ ಹಿಂದಿನ ಹಿಡಿಗೆ ಸಿಕ್ಕಿಸಿ, ಇನ್ನೊಂದು ಬದಿಗೆ ವಾಲಿ, ಮೇಲಿನ ಪೃಷ್ಠ ಸೀಟಿನಿಂದ ಎದ್ದಿದೆ ಎಂದು ಕೈಹಾಕಿ ಖಚಿತ ಮಾಡಿಕೊಳ್ಳಿ. ಎರಡು ನಿಮಿಷ. ಆಮೇಲೆ ಇನ್ನೊಂದು ಬದಿ.

ಕೈಯೂ ಆಡದವರಿಗೆ ಮನೆಯವರು ಮಂಚದ ಅಂಚಿನಲ್ಲಿ ಕೂತು, ಕುರ್ಚಿಯನ್ನು ಹಿಂದಕ್ಕೆ ವಾಲಿಸಿ ತಮ್ಮ ಮಡಿಲಿಗೆ ಆನಿಸಿಕೊಳ್ಳಬಹುದು. ಸ್ವಲ್ಪ ವಾಲಿಸಿದರೆ ಪ್ರಯೋಜನವಿಲ್ಲ. ಅರ್ಧದಷ್ಟು, ಅಂದರೆ 45 ಡಿಗ್ರಿಯ ಹತ್ತಿರ ಬರಬೇಕು.

ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಧಾರಾವಾಹಿ ನೋಡುವವರಿಗೆ ಜಾಹೀರಾತು ಬಂದಾಗಲೆಲ್ಲ ಬಾಗುವ ಅಭ್ಯಾಸ ಬಹಳ ಒಳ್ಳೆಯದು, ಜಾಹೀರಾತಿನ ಹೊತ್ತು ಸರಿಯಾಗಿ ಹೊಂದುತ್ತದೆ.

ಕುಶನ್ ಮತ್ತು ಘಾಟಿ

ಆಸ್ಪತ್ರೆಗಳಲ್ಲಿ ಸಿಗುವ ಮಡಚುವ ಕುರ್ಚಿಯ ರೆಕ್ಸಿನ್ ಸೀಟು ಕೆಲವೇ ತಿಂಗಳಲ್ಲಿ ಜೋಲುತ್ತದೆ. ಜೋತುಬಿದ್ದ ಸೀಟಿನಲ್ಲಿ ತೊಡೆಗಳು ಒಳಕ್ಕೆ ಸೇರಿ, ಸೊಂಟ ಓರೆಯಾಗಿ, ಭಾರವೆಲ್ಲ ಒಂದೇ ಮೂಳೆಯ ಮೇಲೆ ಬೀಳುತ್ತದೆ. ಕುಶನ್ ಕೆಳಗೆ ಅಳತೆಗೆ ಕತ್ತರಿಸಿದ ಪ್ಲೈವುಡ್ ತುಂಡು ಹಾಕಿಸಿ, ಅಂಚುಗಳನ್ನು ನಯಮಾಡಿಸಿ. ಬಡಗಿಗೆ ಕಾಲು ಗಂಟೆಯ ಕೆಲಸ. ಫುಟ್‌ರೆಸ್ಟ್ ಎತ್ತರವನ್ನೂ ನೋಡಿ: ಅದು ತೀರಾ ಮೇಲಿದ್ದರೆ ಮಂಡಿ ಎದ್ದು, ತೊಡೆ ಹೊರಬೇಕಾದ ಭಾರವೂ ಕೂರುವ ಮೂಳೆಗೇ ಬರುತ್ತದೆ.

ಕುಶನ್‌ಗಳಲ್ಲಿ ಫೋಮ್, ಜೆಲ್, ಗಾಳಿ ಎಂದು ಮೂರು ಬಗೆ ಹೆಚ್ಚು ಬಳಕೆಯಲ್ಲಿವೆ. ಯಾವುದು ಯಾರಿಗೆ ಎಂಬುದನ್ನು ಫಿಸಿಯೋಥೆರಪಿಸ್ಟ್ ನೋಡಿ ಹೇಳಬೇಕು. ಯಾವುದೇ ಇರಲಿ, ವಾರಕ್ಕೊಮ್ಮೆ, ಗಾಳಿಯದಾದರೆ ದಿನವೂ ಹೀಗೆ ಪರೀಕ್ಷಿಸಿ: ಕೂತ ಮೇಲೆ ಕುಶನ್ ಮತ್ತು ಪೃಷ್ಠದ ನಡುವೆ ಕೈ ತೂರಿಸಿ ಕೂರುವ ಮೂಳೆಯನ್ನು ಹುಡುಕಿ. ಗಾಳಿ ಕುಶನ್‌ನಲ್ಲಿ ಮೂಳೆಗೂ ತಳಕ್ಕೂ ನಡುವೆ ಅರ್ಧದಿಂದ ಒಂದು ಇಂಚು ಗಾಳಿ ಇರಬೇಕು. ಬೆರಳು ಅಪ್ಪಚ್ಚಿಯಾದರೆ ನೀವು ಹಲಗೆಯ ಮೇಲೆ ಕೂತಂತೆಯೇ. ಗಾಳಿ ಹೆಚ್ಚು ತುಂಬಿ ಗಟ್ಟಿಯಾದರೂ ಅಷ್ಟೇ ಕೆಟ್ಟದ್ದು, ಆಗ ಮೂಳೆ ಒಳಗೆ ಇಳಿಯದೆ ಮೇಲೆಯೇ ನಿಲ್ಲುತ್ತದೆ. ಫೋಮ್ ಆದರೆ ಎದ್ದ ಮೇಲೂ ಗುಳಿ ಹಾಗೇ ಉಳಿದಿದೆಯೇ ನೋಡಿ. ಉಳಿದಿದ್ದರೆ ಬದಲಿಸುವ ಕಾಲ ಬಂದಿದೆ.

ನಮ್ಮ ಕಡೆಯವರಿಗೆ ಮಾತ್ರ ಬೇಕಾದ ಒಂದು ಮಾತು ಇಲ್ಲಿದೆ. ಹಾಸನ, ಚಿಕ್ಕಮಗಳೂರು ಸಮುದ್ರಮಟ್ಟಕ್ಕಿಂತ ಸಾವಿರ ಮೀಟರ್ ಆಸುಪಾಸು ಎತ್ತರದಲ್ಲಿವೆ. ಇಲ್ಲಿ ಸರಿಯಾಗಿ ಗಾಳಿ ತುಂಬಿದ ಕುಶನ್ ಮೇಲೆ ಕೂತು ಶಿರಾಡಿ ಘಾಟಿ ಇಳಿದು ಮಂಗಳೂರಿಗೋ, ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೋ ಹೋದರೆ, ಕೆಳಗೆ ವಾಯುಭಾರ ಹೆಚ್ಚಿರುವುದರಿಂದ ಒಳಗಿನ ಗಾಳಿ ಕುಗ್ಗುತ್ತದೆ, ಸುಮಾರು ಹತ್ತರಲ್ಲಿ ಒಂದು ಪಾಲು. ಗಾಳಿ ಬೇಕಾದಷ್ಟಕ್ಕೆ ಮಾತ್ರ ಇದ್ದ ಕುಶನ್ ತಳಮುಟ್ಟಲು ಇಷ್ಟು ಸಾಕು. ಉಜಿರೆಯಲ್ಲಿ ಕಾಫಿಗೆ ನಿಲ್ಲಿಸಿದಾಗ ಕೈಹಾಕಿ ನೋಡಿ, ಬೇಕಿದ್ದರೆ ಗಾಳಿ ತುಂಬಿ. ವಾಪಸ್ ಘಾಟಿ ಹತ್ತಿ ಕೊಟ್ಟಿಗೆಹಾರಕ್ಕೆ ಬಂದಾಗ ಅದೇ ಕುಶನ್ ಉಬ್ಬಿ ಗಟ್ಟಿಯಾಗಿರುತ್ತದೆ, ಆಗ ಸ್ವಲ್ಪ ಬಿಡಿ. ಪಂಪು ಚೀಲದಲ್ಲೇ ಇರಲಿ.

ಕಾರು, ಜೀಪು, ಬಸ್ಸು ಯಾವುದರಲ್ಲೇ ಕೂರಿ, ಕುಶನ್ ನಿಮ್ಮ ಕೆಳಗೇ ಬರಲಿ, ಡಿಕ್ಕಿಯಲ್ಲಲ್ಲ. ಜೀಪಿನ ನೆಲ ಇಂಜಿನ್ ಬಿಸಿಗೆ ಕಾಯುತ್ತದೆ, ಬರಿಗಾಲು ಊರಿದರೆ ಸುಟ್ಟದ್ದು ಗೊತ್ತಾಗುವುದಿಲ್ಲ. ಚಪ್ಪಲಿ ಸಾಲದು, ಶೂ ಹಾಕಿ. ಸಂಜೆಗೆ ಪಾದ ಊದುವುದರಿಂದ ಒಂದು ಸೈಜ್ ದೊಡ್ಡದೇ ಇರಲಿ.

ಚಳಿಗೆಂದು ಕುಶನ್ ಮೇಲೆ ಕಂಬಳಿ ಮಡಿಸಿ ಹಾಕುವುದನ್ನು ಬಿಡಬೇಕು. ದಪ್ಪ ಪದರ ಬಂದರೆ ಮೂಳೆ ಕುಶನ್ ಒಳಗೆ ಇಳಿಯುವುದಿಲ್ಲ, ಮಡಿಕೆಗಳು ಬೇರೆ ಒತ್ತುತ್ತವೆ. ಕಂಬಳಿ ತೊಡೆಯ ಮೇಲೆ ಹೊದೆಯಲು ಇರಲಿ.

ಬಟ್ಟೆ, ತೇವ, ಬಚ್ಚಲು

ಕೂರುವ ಮೊದಲು ಸೀಟಿನ ಮೇಲೆ ಒಮ್ಮೆ ಅಂಗೈ ಆಡಿಸಿ. ತೋಟದ ಮನೆಗಳಲ್ಲಿ ಒಂದು ಕಾಫಿ ಬೀಜ, ಒಂದು ಮೆಣಸಿನ ಕಾಳು ಕುಶನ್ ಮೇಲೆ ಬಿದ್ದಿರುವುದು ದೊಡ್ಡ ವಿಷಯವಲ್ಲ. ಅದರ ಮೇಲೆ ಮೂರು ಗಂಟೆ ಕೂತರೆ ದೊಡ್ಡ ವಿಷಯ. ಜೀನ್ಸ್ ಪ್ಯಾಂಟಿನ ಹಿಂಜೇಬು, ಅದರ ಲೋಹದ ಗುಂಡಿ, ದಪ್ಪ ಹೊಲಿಗೆ ಬೇಡ. ಪರ್ಸು, ಕೀ ಹಿಂದೆ ಇಡಬೇಡಿ. ಉಡಿದಾರದ ಗಂಟು, ತಾಯಿತ ಬೆನ್ನ ಹಿಂದೆ ಸರಿದು ಬಾಲದ ಮೂಳೆಯ ಹತ್ತಿರ ಒತ್ತಬಹುದು, ಮುಂದಕ್ಕೆ ತಂದುಕೊಳ್ಳಿ. ಸೀರೆಯವರು ಲಂಗದ ಲಾಡಿ ಗಂಟನ್ನು ಪಕ್ಕಕ್ಕಲ್ಲ, ಮುಂದಕ್ಕೆ ಹಾಕಿ. ಪಂಚೆ ಮುದುರಿ ಕೆಳಗೆ ಸೇರಿದ್ದರೆ ಎಳೆದು ಸಾಪು ಮಾಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದೇ ಇಲ್ಲ. ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದ್ದೂ ಕೈಗೆ ಒಣಗಿದಂತೆ ಕಂಡರೂ ಇಲಾಸ್ಟಿಕ್, ಹೊಲಿಗೆ ಜಾಗದಲ್ಲಿ ತೇವ ಹಿಡಿದಿರುತ್ತದೆ. ಒಳಬಟ್ಟೆಗೆ ಇಸ್ತ್ರಿ ಹಾಕಿ, ಪೂರ್ತಿ ಆರಿಸಿ ಕೊಡಲು ಹೇಳಿ. ಕುಶನ್ ಕವರ್ ಎರಡಿಟ್ಟುಕೊಳ್ಳಿ. ಮಳೆಗಾಲದಲ್ಲಿ ತೋಟದ ಕಡೆ ಹೋಗಿ ಬಂದರೆ ಪಾದ, ಮೀನಖಂಡ ನೋಡಿಕೊಳ್ಳಿ, ಜಿಗಣೆ ಕಚ್ಚಿದ್ದು ನಮಗೆ ತಿಳಿಯುವುದಿಲ್ಲ.

ಮೂತ್ರ, ಮಲ ತಾಗಿದರೆ ತಕ್ಷಣ ತೊಳೆಯಿರಿ. ಉಗುರು ಬೆಚ್ಚಗಿನ ನೀರು, ಮೆದು ಸೋಪು. ಒರೆಸುವಾಗ ಉಜ್ಜದೆ ಮೆದು ಬಟ್ಟೆ ಒತ್ತಿ ತೆಗೆಯಿರಿ. ಪೌಡರ್ ಬೇಡ, ಅದು ತೇವದಲ್ಲಿ ಉಂಡೆಗಟ್ಟಿ ತರಿಯಂತಾಗುತ್ತದೆ. ಹಂಡೆಯ ನೀರನ್ನು ಸ್ಪರ್ಶ ಇರುವ ಕೈಯಿಂದ ಪರೀಕ್ಷಿಸದೆ ಕಾಲಿಗೆ ಸುರಿಯಬೇಡಿ. ಒಲೆ ಮುಂದೆ ಕಾಲು ಚಾಚಿ ಚಳಿ ಕಾಯಿಸುವ ಆಸೆಯನ್ನೂ ಬಿಡಬೇಕು.

ಕಮೋಡ್ ಕುರ್ಚಿಯ ಬಗ್ಗೆ ಯಾರೂ ಹೇಳುವುದಿಲ್ಲ. ಪ್ಲಾಸ್ಟಿಕ್ ಕುರ್ಚಿಗೆ ತೂತು ಕೊರೆದು ಮಾಡಿದ ಮನೆ ಕಮೋಡಿನ ಅಂಚು ಗಟ್ಟಿ, ಕುಶನ್ ಇಲ್ಲ, ನೀರು ಬಿದ್ದು ಒದ್ದೆ. ಅದರ ಮೇಲೆ ಮುಕ್ಕಾಲು ಗಂಟೆ ಕೂತರೆ ಇಡೀ ದಿನದ ಎಚ್ಚರವೆಲ್ಲ ನೀರುಪಾಲು. ಮೆತ್ತನೆ ಸೀಟು ಹಾಕಿಸಿ, ನಡುನಡುವೆ ಪಕ್ಕಕ್ಕೆ ವಾಲಿ. ಮಂಚದಿಂದ ಕುರ್ಚಿಗೆ ಬರುವಾಗ ಮೈಯನ್ನು ಎಳೆದು ತರಬಾರದು, ಎತ್ತಿ ಇಡಬೇಕು. ಆಗದಿದ್ದರೆ ನಯವಾದ ಜಾರು ಹಲಗೆ ಬಳಸಿ, ಬರಿಮೈಯಲ್ಲಿ ಮಾತ್ರ ಅದರ ಮೇಲೆ ಜಾರಬೇಡಿ.

ರಾತ್ರಿ

ನೇರ ಮಗ್ಗುಲಿಗೆ ಮಲಗಿದರೆ ಸೊಂಟದ ಪಕ್ಕದ ಮೂಳೆಯ ಮೇಲೆ ಭಾರ ಬೀಳುತ್ತದೆ. ಬೆನ್ನ ಹಿಂದೆ ದಿಂಬು ಇಟ್ಟು 30 ಡಿಗ್ರಿಯಷ್ಟು ಮಾತ್ರ ವಾಲಿ. ಮಂಡಿಗಳ ನಡುವೆ ಒಂದು ದಿಂಬು. ಮೀನಖಂಡದ ಕೆಳಗೆ ಉದ್ದಕ್ಕೆ ಇನ್ನೊಂದು, ಹಿಮ್ಮಡಿ ಗಾಳಿಯಲ್ಲಿರುವಂತೆ. ಶುರುವಿನಲ್ಲಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ; ಬೆಳಗಿನ ಪರೀಕ್ಷೆಯಲ್ಲಿ ಚರ್ಮ ಚೆನ್ನಾಗಿದ್ದರೆ ನಿಧಾನವಾಗಿ ಅಂತರ ಹೆಚ್ಚಿಸಬಹುದು. ಬೋರಲು ಮಲಗಲು ಆಗುವವರಿಗೆ ಅದು ವರ, ಪೃಷ್ಠಕ್ಕೆ ಪೂರ್ತಿ ಬಿಡುವು. ತಲೆಭಾಗ ಎತ್ತರಿಸಿ ಒರಗಿಕೊಂಡು ಗಂಟೆಗಟ್ಟಲೆ ಮೊಬೈಲ್ ನೋಡಿದರೆ ಮೈ ಕೆಳಗೆ ಜಾರಿ ಬಾಲದ ಮೂಳೆ ಉಜ್ಜಿಹೋಗುತ್ತದೆ.

ಪಂಪಿನ ಏರ್‌ಬೆಡ್ ಒಳ್ಳೆಯದೇ, ಆದರೆ ಮಗ್ಗುಲು ಬದಲಿಸುವುದನ್ನು ಅದು ಬಿಡಿಸುವುದಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದರೆ ಗಾಳಿ ಇಳಿಯುತ್ತದೆ. ಪಂಪನ್ನು ಯುಪಿಎಸ್‌ಗೆ ಹಾಕಿಸಿ, ಏರ್‌ಬೆಡ್ ಕೆಳಗೆ ಯಾವಾಗಲೂ ಒಳ್ಳೆಯ ಹಾಸಿಗೆ ಇರಲಿ, ಬರೀ ಹಲಗೆ ಬೇಡ.

ಊಟ

ಚರ್ಮ ರಿಪೇರಿಯಾಗಲು ಪ್ರೋಟೀನ್ ಬೇಕು. ಬೆಡ್‌ಸೋರ್ ಅಪಾಯ ಇರುವವರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.25ರಿಂದ 1.5 ಗ್ರಾಂ ಎಂದು ಲೆಕ್ಕ. 60 ಕಿಲೋ ಇರುವವರಿಗೆ 75ರಿಂದ 90 ಗ್ರಾಂ. ಮೂತ್ರಪಿಂಡದ ತೊಂದರೆ ಇದ್ದವರು ಮೊದಲು ಡಾಕ್ಟರನ್ನು ಕೇಳಬೇಕು. ಮುದ್ದೆ, ಅನ್ನ, ಅಕ್ಕಿರೊಟ್ಟಿ ಹೊಟ್ಟೆ ತುಂಬಿಸುತ್ತವೆ, ಪ್ರೋಟೀನ್ ಲೆಕ್ಕ ತುಂಬಿಸುವುದಿಲ್ಲ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಅರ್ಧ ಲೀಟರ್ ಹಾಲಿನಲ್ಲಿ ಸುಮಾರು 16, ಐವತ್ತು ಗ್ರಾಂ ಹುರುಳಿಕಾಳಿನಲ್ಲಿ ಸುಮಾರು 11. ಬಸ್ಸಾರು ಮಾಡಿದ ದಿನ ಸಾರು ಸುರಿದುಕೊಂಡು ಉಂಡು ಏಳಬೇಡಿ. ಬಸಿದು ತೆಗೆದ ಕಾಳಿನ ಪಲ್ಯದಲ್ಲೇ ಸತ್ವ ಇರುವುದು. ಅವರೆಕಾಳು, ಮೀನು, ಕೋಳಿ, ಮೊಸರು ಯಾವುದು ಒಗ್ಗುತ್ತದೋ ಅದು. ರಕ್ತ ಕಡಿಮೆ ಇದೆಯೇ, ಸಕ್ಕರೆ ಹೆಚ್ಚಿದೆಯೇ ಎಂದು ಆಗಾಗ ಪರೀಕ್ಷೆ ಮಾಡಿಸಿ. ಮೂತ್ರದ ಕಾಟ ಎಂದು ನೀರು ಕಡಿಮೆ ಕುಡಿಯಬೇಡಿ. ಬೀಡಿ, ಸಿಗರೇಟು ರಕ್ತನಾಳಗಳನ್ನು ಕುಗ್ಗಿಸುತ್ತವೆ, ಬಿಡಲೇಬೇಕು.

ಆಸ್ಪತ್ರೆಗೆ ಯಾವಾಗ, ಹೇಗೆ

ಜ್ವರ, ಚಳಿ ನಡುಕ, ಕೀವು, ಕೆಟ್ಟ ವಾಸನೆ, ಸುತ್ತ ಹರಡುತ್ತಿರುವ ಊತ, ಕಪ್ಪಗೆ ಸತ್ತ ಚರ್ಮ, ಮೂಳೆ ಕಾಣುವಂಥ ಗುಳಿ, ಇವುಗಳಲ್ಲಿ ಒಂದಿದ್ದರೂ ಅಂದೇ ಹೋಗಿ. ಸೋಂಕು ರಕ್ತಕ್ಕೋ ಮೂಳೆಗೋ ಇಳಿದರೆ ಜೀವಕ್ಕೇ ಅಪಾಯ.

ಎದೆಭಾಗದ ಆರನೇ ಕಶೇರುಕ, ಅಂದರೆ ಟಿ-6 ಮತ್ತು ಅದಕ್ಕಿಂತ ಮೇಲೆ ಬೆನ್ನುಹುರಿಗೆ ಪೆಟ್ಟಾದವರು ಇನ್ನೊಂದನ್ನು ತಿಳಿದಿರಬೇಕು. ಬೆಡ್‌ಸೋರ್, ತುಂಬಿದ ಮೂತ್ರಕೋಶ, ಬಿಗಿ ಬಟ್ಟೆ ಇಂಥ ಕಾರಣದಿಂದ ಒಮ್ಮೆಲೇ ಬಿ.ಪಿ. ಜಿಗಿಯಬಹುದು: ತಲೆ ಸಿಡಿಯುವಂಥ ನೋವು, ಮುಖ ಕೆಂಪೇರಿ ಬೆವರುವುದು, ಮೂಗು ಕಟ್ಟುವುದು. ಮಲಗಿಸಬಾರದು, ನೇರ ಕೂರಿಸಿ, ಬಟ್ಟೆ ಸಡಿಲಿಸಿ, ಕ್ಯಾಥೆಟರ್ ಮಡಚಿದೆಯೇ ನೋಡಿ, 108ಕ್ಕೆ ಫೋನ್ ಮಾಡಿ.

ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೋ ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆಗೋ ಹೋಗುವಾಗ ನಿಮ್ಮ ಕುಶನ್, ಎರಡು ದಿಂಬು, ಫೋಟೊಗಳು ಜೊತೆಗಿರಲಿ. ಸಾಲಿನಲ್ಲಿ ಕಾಯುವ ಹೊತ್ತೂ ಒತ್ತಡದ ಹೊತ್ತೇ, ಸ್ಟ್ರೆಚರ್ ಸಿಕ್ಕರೆ ಮಗ್ಗುಲಾಗಿ ಮಲಗಿ. ಯಾರೇ ಡಾಕ್ಟರಾಗಲಿ, ಕುರ್ಚಿಯಲ್ಲಿ ಕೂರಿಸಿಯೇ ಮಾತ್ರೆ ಬರೆದರೆ ಸುಮ್ಮನೆ ಬರಬೇಡಿ. "ದಯವಿಟ್ಟು ಮಲಗಿಸಿ ನೋಡಿ ಸಾರ್" ಎಂದು ಕೇಳುವುದು ನಿಮ್ಮ ಹಕ್ಕು. ಮನೆಯಲ್ಲಿ ಪರೀಕ್ಷೆ ಮಾಡುವವರಿಲ್ಲದ ಹೆಣ್ಣುಮಕ್ಕಳು ಆಶಾ ಕಾರ್ಯಕರ್ತೆಯನ್ನು ಕೇಳಿಕೊಳ್ಳಬಹುದು.

ಒಳ್ಳೆಯ ಕುಶನ್‌ಗೆ ದುಡ್ಡು ಬೇಕು, ಅದು ನಿಜವಾದ ತೊಡಕು. ಗ್ರಾಮ ಪಂಚಾಯಿತಿಯಲ್ಲಿ ಅಂಗವಿಕಲರಿಗಾಗಿ ಇರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಭೇಟಿಮಾಡಿ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇಟ್ಟುಕೊಂಡಿರಿ. ಕೇಂದ್ರದ ಅಡಿಪ್ ಯೋಜನೆಯಲ್ಲಿ ಸಾಧನ ಸಲಕರಣೆ ಕೊಡುತ್ತಾರೆ. ಪಂಚಾಯಿತಿಯೂ ತನ್ನ ಅನುದಾನದಲ್ಲಿ ಅಂಗವಿಕಲರಿಗೆ ಪಾಲು ಮೀಸಲಿಡಬೇಕು. ಅರ್ಜಿಯಲ್ಲಿ 'ವೀಲ್‌ಚೇರ್' ಎಂದಷ್ಟೇ ಬರೆಸಿದರೆ ರೆಕ್ಸಿನ್ ಸೀಟಿನ ಕುರ್ಚಿಯಷ್ಟೇ ಬರುತ್ತದೆ. 'ಬೆಡ್‌ಸೋರ್ ತಡೆಯುವ ಕುಶನ್ ಸಹಿತ' ಎಂದು ಸ್ಪಷ್ಟವಾಗಿ ಬರೆಸಿ, ಸೊಂಟದ ಅಗಲದ ಅಳತೆ ಕೊಡಿ, ಡಾಕ್ಟರ್ ಅಥವಾ ಫಿಸಿಯೋಥೆರಪಿಸ್ಟ್ ಕೊಟ್ಟ ಚೀಟಿಯನ್ನು ಅದಕ್ಕೆ ಲಗತ್ತಿಸಿ, ಸ್ವೀಕೃತಿ ಪಡೆದುಕೊಂಡೇ ಬನ್ನಿ.